ಹುಲ್ಲು ಯಾರು ತರುತ್ತಾರೆ ಎಂದು ಕೇಳಿದ ಸಾರ್ಜಿಯಾ

ಸಾರ್ಜಿಯಾಳ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿದೆ. ಹದಿನಾರನೇ ವಯಸ್ಸಿನಿಂದ ಹುಲ್ಲಿನ ಹೊರೆ ಹೊತ್ತ ಬೆನ್ನು ಅದು. ಈಗ ಅವಳಿಗೆ ಐವತ್ತನಾಲ್ಕು. ಮೆರಾಪಿ ಎಂಬ ಬೆಂಕಿ ಕಾರುವ ಬೆಟ್ಟದ ತೆಂಕಣ ಮಗ್ಗುಲಲ್ಲಿ, ಅದರ ಬಾಯಿಯಿಂದ ನಾಲ್ಕೇ ಕಿಲೋಮೀಟರು ಕೆಳಗಿರುವ ತೆಗಲ್‌ವುನಿ ಎಂಬ ಕೇರಿಯಲ್ಲಿ ಅವಳ ಮನೆ. ಊರಿಗೆಲ್ಲ ಅವಳು 'ಯು', ಅಂದರೆ ಅಕ್ಕ. ಅವಳಿಗಿರುವುದು ಒಂದು ಕಪ್ಪುಬಿಳುಪು ಸೀಮೆ ಹಸು. ಅದನ್ನು ಅವಳು ಕರೆಯುವುದು ಗೆಂಡುಕ್ ಎಂದು. ಇಲ್ಲಿ ಮನೆಯ ಹೆಣ್ಣುಮಗುವನ್ನು ಹಾಗೆ ಕರೆಯುತ್ತಾರೆ. ಬೆಳಿಗ್ಗೆ ಐದೂವರೆಗೆ ಸಹಕಾರ ಸಂಘದ ಗಾಡಿ ಬರುವಷ್ಟರಲ್ಲಿ ಹಾಲು ಕರೆದು ಕ್ಯಾನು ತಂದಿಡಬೇಕು, ಆಮೇಲೆ ಹಳ್ಳದ ದಂಡೆಯಲ್ಲಿ ಆನೆಹುಲ್ಲು ಕೊಯ್ಯಬೇಕು, ಬೆನ್ನಿಗೆ ಬಟ್ಟೆ ಬಿಗಿದು ಹೊರೆ ಹೊತ್ತು ತರಬೇಕು. ಅವಳ ಬದುಕು ಇಷ್ಟೆ.

ನಾನು ಬೆಟ್ಟದ ಬುಡದ ಪೇಟೆಯಲ್ಲಿ ವಾರಪತ್ರಿಕೆಗೆ ಅಂಕಣ ಬರೆಯುವವನು. ಅವಳ ಬಗ್ಗೆ ನಾನು ಮೊದಲೇ ಬರೆಯಬೇಕಿತ್ತು. ಬರೆದದ್ದು ಬೇರೆಯವರ ಬಗ್ಗೆ. ಆ ತಪ್ಪಿಗೆ ಮುಂದೆ ಬರುತ್ತೇನೆ.

ಅವಳ ಗಂಡ ತುಕಿಜಾನ್ ಸತ್ತದ್ದು ಎರಡು ಸಾವಿರದ ಹತ್ತರಲ್ಲಿ. ಬೆಟ್ಟ ಹೊಗೆಯಾಡಲು ಶುರುಮಾಡಿದರೆ ನಮ್ಮ ಜನ 'ಬೆಂಕಿ ಕಾರುತ್ತಿದೆ' ಎನ್ನುವುದಿಲ್ಲ, 'ಬೆಟ್ಟದ ಮನೆಯಲ್ಲಿ ಕಾರ್ಯವಿದೆ' ಎನ್ನುತ್ತಾರೆ. ಆ ಸಲದ ಕಾರ್ಯ ದೊಡ್ಡದು. ತುಕಿಜಾನ್ ಹೆಂಡತಿಯನ್ನು ಕರೆದುಕೊಂಡು ಸರಿಯಾದ ಹೊತ್ತಿಗೆ ಕೆಳಗಿಳಿದ. ಶಾಲೆಯ ಶಿಬಿರದಲ್ಲಿ ಹೆಸರು ಬರೆಸಿದ, ಚಾಪೆ ತೆಗೆದುಕೊಂಡ, ಊಟ ಮಾಡಿದ. ಎರಡನೇ ದಿನ ಬೆಳಿಗ್ಗೆ, 'ದನ ಬರಿಹೊಟ್ಟೇಲಿವೆ, ಒಂದು ಹೊರೆ ಕೊಯ್ದು ಹಾಕಿ ಬಂದ್ಬಿಡ್ತೀನಿ' ಎಂದು ಹೇಳಿ ಮೇಲಕ್ಕೆ ಹೋದ. ಉಣ್ಣೆ ಜಡೆಗಟ್ಟಿದ ಕುರಿಯ ಹಾಗೆ ಉರುಳಿಕೊಂಡು ಬರುವ ಬೂದಿಯ ಬಿಸಿ ಮೋಡ ಅವನನ್ನು ಹುಲ್ಲಿನ ದಂಡೆಯಲ್ಲೇ ಹಿಡಿಯಿತು. ಆದರೆ ಶಿಬಿರದ ಪಟ್ಟಿಯಲ್ಲಿ ಅವನು 'ಪಾರಾದವರು' ಎಂಬ ಸಾಲಿನಲ್ಲೇ ಉಳಿದ. ಸಾರ್ಜಿಯಾ ಹೆಸರು ತೆಗೆಸಲು ಹೋದಾಗ ಮೇಜಿನ ಹಿಂದಿದ್ದವನು, 'ಪಾರಾದವರ ಪಟ್ಟಿಯಿಂದ ಹೆಸರು ತೆಗೆಯೋ ಫಾರಂ ನಮ್ಮ ಹತ್ರ ಇಲ್ವಲ್ಲಮ್ಮ' ಎಂದನಂತೆ. ಅವಳು ಇಂದಿಗೂ ಅದನ್ನು ಹೇಳಿ ನಗುತ್ತಾಳೆ. ನಗುವಾಗ ಬಲಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಆಮೇಲೆ ಬಂದವು ಸಂಸ್ಥೆಗಳು. ವಿಪತ್ತಿನ ಕಚೇರಿ, ಪಶು ಕಚೇರಿ, ದೂರದೇಶದ ದಾನಿ ಸಂಸ್ಥೆ, ಕೆಂಪು ಅಂಗಿಯ ಸ್ವಯಂಸೇವಕರು, ನೀಲಿ ಅಂಗಿಯ ಸ್ವಯಂಸೇವಕರು, ಹಾಲಿನ ಸಂಘ, ಒಂದು ವಿಶ್ವವಿದ್ಯಾಲಯ. ಮೊದಮೊದಲು ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಲಿಲ್ಲ. ಒಂದೇ ಬೇಲಿಗೆ ಇಬ್ಬರು ಬಂದು ಎರಡು ಫಲಕ ಹೊಡೆದು ಹೋಗುತ್ತಿದ್ದರು. ಆಗ ನಾನು ಮೇಜು ಗುದ್ದಿ ಬರೆದೆ: ಎಲ್ಲರೂ ಒಂದೇ ಕೋಣೆಯಲ್ಲಿ ಕೂರಲಿ, ಕೆಲಸ ಹಂಚಿಕೊಳ್ಳಲಿ, ಸಾಯುವವರು ನಮ್ಮವರು. ಕೂತರು. ಜಂಟಿ ತಂಡ ಎಂದಾಯಿತು. ಒಂದು ಒಳ್ಳೆಯ ಕೆಲಸವನ್ನೂ ಮಾಡಿದರು, ಅದನ್ನು ಒಪ್ಪಬೇಕು: ಮೇಲಿನ ಪ್ರತಿ ಕೇರಿಗೂ ಬಯಲಿನ ಒಂದು ಊರನ್ನು ಸೋದರ ಊರು ಮಾಡಿ, ಯಾರ ಮನೆಯವರು ಯಾರ ಮನೆಗೆ ಹೋಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿದರು. ತೆಗಲ್‌ವುನಿಗೆ ಬಾನ್ಯುಸಾರಿ ಸೋದರ ಊರಾಯಿತು. ಸಾರ್ಜಿಯಾಳಿಗೆ ವಾರ್ತಿನೆಮ್ ಎಂಬ ಹೆಂಗಸಿನ ಮನೆ.

ಅಲ್ಲಿಗೆ ನಾನು ಬಹಳ ಖುಷಿಪಟ್ಟು ಇನ್ನೊಂದು ಅಂಕಣ ಬರೆದೆ. ಹೊಗಳಿದ ಅಂಕಣ. ಹೇಳಿದೆನಲ್ಲ ತಪ್ಪು ಎಂದು, ಅದೇ ಇದು.

ಆ ಅಂಕಣ ಬರೆಯುವ ಮೊದಲು ನಾನೂ ಒಂದು ಸಭೆಯಲ್ಲಿ ಕೂತಿದ್ದೆ. ಕೇರಿಯ ಮುಖ್ಯಸ್ಥ ಗಿಮಾನ್‌ನ ಜಗಲಿಯಲ್ಲಿ ಚಾಪೆ ಹಾಸಿದ್ದರು. ಬೇಯಿಸಿದ ಶೇಂಗಾ, ಮರಗೆಣಸು, ಸಕ್ಕರೆ ಜಾಸ್ತಿ ಹಾಕಿದ ಚಹಾ. ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿದ್ದರು, ಗೆರೆ ಎಳೆದ ಒಂದೊಂದು ಪೆಟ್ಟಿಗೆಯೊಳಗೆ ಒಂದೊಂದು ಕೆಲಸ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಾಣಗಳು. ಜಂಟಿ ತಂಡದ ಬಾಗಸ್, ಇಪ್ಪತ್ತೇಳರ ಹುಡುಗ, ಕೋಲು ಹಿಡಿದು ಒಂದೊಂದೇ ಪೆಟ್ಟಿಗೆ ಓದಿದ. ಕೊನೆಯಲ್ಲಿ, 'ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?' ಎಂದ.

ಸಾರ್ಜಿಯಾ ಹಿಂದಿನ ಸಾಲಿನಿಂದ ಕೈಯೆತ್ತಿದಳು. "ಜನ ಇಳೀತೀವಿ, ಸರಿ. ದನಾನೂ ಇಳೀತಾವೆ, ಸರಿ. ಹುಲ್ಲು ಯಾರು ತರ್ತಾರೆ?"

"ಒಳ್ಳೇ ಪ್ರಶ್ನೆ ಬು," ಎಂದ ಬಾಗಸ್. ಅಮ್ಮನ ವಯಸ್ಸಿನವರನ್ನು 'ಬು' ಎಂದೇ ಕರೆಯಬೇಕು. "ನೋಡಿ, ಏಳನೇ ಪೆಟ್ಟಿಗೆ. ಹುಲ್ಲು ದಾನಿ ಸಂಸ್ಥೆದು."

ಪಶು ಕಚೇರಿಯವರು ದನಿಗೂಡಿಸಿದರು: "ದನ ಸಾಗಿಸೋದು ಮಾತ್ರ ನಮ್ದು. ಮೇವು ಅವರದ್ದು."

ದಾನಿ ಸಂಸ್ಥೆಯವರು, "ಮೇವು ಕೊಳ್ಳೋದು ನಮ್ದು, ಹಂಚೋದು ಜಂಟಿ ತಂಡದ್ದು" ಎಂದರು.

"ಜಂಟಿ ತಂಡ ಅಂದ್ರೆ ಯಾರಪ್ಪಾ?"

"ನಾವೆಲ್ಲಾನೂ ಬು."

"ನಾವೆಲ್ಲ ಅಂದ್ರೆ, ನಾನೂನಾ?"

ಸಭೆ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಅವಳ ಮೈದುನ ಪೋನಿರಾನ್ ಪಿಸುಗುಟ್ಟಿದ: "ಯು, ಸುಮ್ನೆ ಹುಲ್ಲಿನ ಮಂತ್ರಿ ಆಗ್ಬಿಡು ನೀನು. ನಾನು ನಿನ್ನ ಕಾರಿನ ಡ್ರೈವರ್ ಆಗ್ತೀನಿ."

ಗಿಮಾನ್ ಗಂಟಲು ಸರಿಮಾಡಿಕೊಂಡ. ಸಾಕು ಎಂಬ ಸೂಚನೆ ಅದು. ಸಾರ್ಜಿಯಾ ತಲೆ ತಗ್ಗಿಸಿ, ಹೂಂ ಎಂದಳು. ನಾವೆಲ್ಲರೂ ಹೂಂ ಎಂದೆವು.

ನಮ್ಮಲ್ಲಿ ಅದು ಹಾಗೆಯೇ. ಜಗಲಿಗೆ ಬಂದ ಅತಿಥಿಯ ಎದುರು 'ಅರ್ಥವಾಗಲಿಲ್ಲ' ಎನ್ನಬಾರದು. ಅಂದರೆ, ನಿನಗೆ ಹೇಳಲು ಬರುವುದಿಲ್ಲ ಎಂದು ಅವನ ಮುಖಕ್ಕೆ ಹೇಳಿದ ಹಾಗೆ. ಒಪ್ಪಿದರೂ ಹೂಂ, ಒಪ್ಪದಿದ್ದರೂ ಹೂಂ, ಕಿವಿಗೆ ಬಿತ್ತು ಎಂಬುದಕ್ಕೂ ಹೂಂ. ಮದುವೆ ಮಾತುಕತೆಯಲ್ಲಿ, ಸೂತಕದ ಮನೆಯಲ್ಲಿ ಇದು ಬಹಳ ಚೆಂದದ ನಡತೆ. ಆದರೆ ಬೆಟ್ಟದ ಬಾಯಿಯ ಕೆಳಗೆ ಕೂತು, ಯಾರು ಏನು ಮಾಡಬೇಕೆಂದು ಗೊತ್ತುಮಾಡುವಾಗ? ಬಾಗಸ್ ತನ್ನ ಪುಸ್ತಕದಲ್ಲಿ 'ಎಲ್ಲರ ಒಪ್ಪಿಗೆ' ಎಂದು ಬರೆದುಕೊಂಡ. ನಾನು ಇಣುಕಿ ನೋಡಿದ್ದೆ. ಅದನ್ನೇ ನನ್ನ ಅಂಕಣದಲ್ಲೂ ಬರೆದೆ. ಆ ಜಗಲಿಯಲ್ಲಿ ಒಬ್ಬರಿಗೂ ಅರ್ಥವಾಗಿರಲಿಲ್ಲ, ನನಗೂ.

ಅಂಥ ಸಭೆಗಳು ಒಂಬತ್ತು ನಡೆದವು. ಒಂಬತ್ತರಲ್ಲೂ ಅವಳು ಅದೇ ಪ್ರಶ್ನೆ ಕೇಳಿದಳು, ಒಂಬತ್ತರಲ್ಲೂ ಹೂಂ ಎಂದು ಕೂತಳು.

ಕಳೆದ ಮಳೆಗಾಲದ ಒಂದು ಗುರುವಾರ, ಹಾಲಿನ ಗಾಡಿ ಹೋದ ಮೇಲೆ, ಗಿಮಾನ್‌ನ ಸೊಂಟದಲ್ಲಿ ನೇತಾಡುವ ವಾಕಿಟಾಕಿ ಗೊರಗೊರ ಎಂದಿತು. ಎಚ್ಚರಿಕೆಯ ಮೂರನೇ ಹಂತ, ಇಳಿಯಿರಿ. ಅವನು ಊರಿಗೆ ಎಚ್ಚರಿಕೆ ಕೊಡಲೆಂದು ಜಗಲಿಯಲ್ಲಿ ತೂಗುಹಾಕಿದ್ದ ಮರದ ಕೊಳವೆಯನ್ನು ಬಡಿದ. ಬಡಿದದ್ದೇ ಕೇರಿ ಎದ್ದಿತು. ಒಂದು ಮಾತು ಹೇಳಬೇಕು, ಗಲಿಬಿಲಿ ಇರಲಿಲ್ಲ. ಅಷ್ಟು ಸಲ ಅಭ್ಯಾಸ ಮಾಡಿದ್ದರು. ಗಲಿಬಿಲಿ ಶುರುವಾದದ್ದು ಎಲ್ಲವೂ ಸರಿಯಾಗಿ ನಡೆಯಲು ಶುರುವಾದ ಮೇಲೆ.

ಮೊದಲು ಬಂದದ್ದು ದನದ ಲಾರಿ. ಗೆಂಡುಕ್ ತುಂಬಿದ ಬಸುರಿ, ಇನ್ನು ಹತ್ತು ದಿನವೋ ಹನ್ನೆರಡು ದಿನವೋ. ಸಾರ್ಜಿಯಾ ಅದರ ಕುತ್ತಿಗೆ ಸವರುತ್ತ ಹಲಗೆ ಹತ್ತಿಸಿದಳು. ತಾನೂ ಕಾಲಿಟ್ಟಳು. ಪಶು ಕಚೇರಿಯವನು ತಡೆದ.

"ಅಮ್ಮಾ, ಇದು ದನದ ಲಾರಿ. ಮನುಷ್ಯರು ಹತ್ತಂಗಿಲ್ಲ. ಮನುಷ್ಯರ ಲಾರಿ ಬೇರೆ ಬರತ್ತೆ, ಬೇರೆ ಕಚೇರಿದು."

"ಎಲ್ಲಿಗೆ ಹೊಡ್ಕೊಂಡು ಹೋಗ್ತೀರಿ ಇವಳನ್ನ?"

"ಪಟ್ಟೀಲಿದೆ."

"ಪಟ್ಟಿ ಎಲ್ಲಿದೆ?"

"ಕಚೇರೀಲಿದೆ."

ಪೋನಿರಾನ್ ಅಲ್ಲೇ ತನ್ನ ಎರಡು ಹೋರಿಗಳನ್ನು ಹತ್ತಿಸುತ್ತಿದ್ದ. "ಯುಗೂ ದನದ ಥರಾನೇ ಕಿವಿಗೆ ಒಂದು ಹಳದಿ ಬಿಲ್ಲೆ ಚುಚ್ಚಿಬಿಡಿ ಸ್ವಾಮಿ," ಎಂದ. "ಆಗ ಹತ್ತಬಹುದಲ್ವಾ?"

ಲಾರಿಯವನಿಗೆ ನಗು ಬಂತು, ಆದರೆ ಹತ್ತಿಸಿಕೊಳ್ಳಲಿಲ್ಲ. ಲಾರಿ ತಿರುವಿನಲ್ಲಿ ಮರೆಯಾಗುವಾಗ ಗೆಂಡುಕ್ ಹಿಂದಕ್ಕೆ ತಿರುಗಿ ನೋಡಿತು ಎಂದು ಸಾರ್ಜಿಯಾ ಹೇಳುತ್ತಾಳೆ. ಮೂರು ಹಸು ಅಡ್ಡ ನಿಂತಿದ್ದ ಲಾರಿಯಲ್ಲಿ ತಿರುಗಲು ಜಾಗ ಎಲ್ಲಿತ್ತು ಎಂದು ನಾನು ಕೇಳಿಲ್ಲ.

ಬಾನ್ಯುಸಾರಿಯಲ್ಲಿ ವಾರ್ತಿನೆಮ್ ಬಾಗಿಲಲ್ಲೇ ನಿಂತಿದ್ದಳು. ಅಭ್ಯಾಸದ ನೆಪದಲ್ಲಿ ಮೂರು ಸಲ ಬಂದು ಉಂಡು ಹೋದ ಮನೆ, ನಂಟು ಬೆಳೆದಿತ್ತು. "ಬಾ ಯು, ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿಟ್ಟಿದೀನಿ. ಈ ಸಲ ನಿಜವಾಗ್ಲೂ ಬಂದ್ಯಾ, ಇಲ್ಲಾ ಇದೂ ನಾಟಕಾನಾ?" ಎಂದಳು.

"ಹಾಸಿಗೆ ಇರ್ಲಿ. ನನ್ನ ದನ ಎಲ್ಲಿ?"

ಯಾರಿಗೂ ಗೊತ್ತಿರಲಿಲ್ಲ. ನೀಲಿ ಅಂಗಿಯವರು ಕೆಂಪು ಅಂಗಿಯವರನ್ನು ತೋರಿಸಿದರು. ಕೆಂಪು ಅಂಗಿಯವರು ಫೋನಿನ ಗುಂಪಿನಲ್ಲಿ ಕೇಳಿದರು. ಗುಂಪಿನಲ್ಲಿ ಇಪ್ಪತ್ತು ಜನ ಕೈಮುಗಿದ ಚಿತ್ರ ಹಾಕಿದರು. ಸಂಜೆಗೆ ತಿಳಿಯಿತು: ದನಗಳನ್ನೆಲ್ಲ ಹೊಳೆಯಾಚೆಯ ಹಳೇ ದನದ ಸಂತೆಯ ಮೈದಾನದಲ್ಲಿ ಕಟ್ಟಿದ್ದಾರೆ, ಏಳು ಕಿಲೋಮೀಟರು. ಅಲ್ಲಿ ಮೇಲೆ ತಗಡಿದೆ, ನೀರಿನ ತೊಟ್ಟಿಯಿದೆ, ಪಶು ಕಚೇರಿಯ ನಿಯಮದ ಪ್ರಕಾರ ಜಾಗ ಅಚ್ಚುಕಟ್ಟು. ವಾರ್ತಿನೆಮ್‌ಳ ಸ್ಕೂಟರಿನ ಹಿಂದೆ ಕೂತು ಸಾರ್ಜಿಯಾ ಹೋಗಿ ನೋಡಿದಳು. ಗೆಂಡುಕ್ ಇತ್ತು. ಹಾಲಿನ ಸಂಘದವರು ಬೂಸಾ ಮೂಟೆ ಇಳಿಸಿ ಹೋಗಿದ್ದರು. ಹುಲ್ಲು ಒಂದೆಳೆಯೂ ಇರಲಿಲ್ಲ. ಬರೀ ಬೂಸಾ ತಿಂದರೆ ಹಸುವಿನ ಹೊಟ್ಟೆ ಉಬ್ಬುತ್ತದೆ. ತುಂಬಿದ ಬಸುರಿಯದು ಉಬ್ಬಿದರೆ ತಾಯಿಯೂ ಇಲ್ಲ, ಕರುವೂ ಇಲ್ಲ. ಅವಳು ಮೈದಾನದ ಅಂಚಿನಲ್ಲಿ ಸಿಕ್ಕ ಗರಿಕೆಯನ್ನು ಕೈಯಿಂದಲೇ ಕಿತ್ತು ಎರಡು ಹಿಡಿ ತಿನ್ನಿಸಿ ಬಂದಳು. ನೂರರವತ್ತಕ್ಕೂ ಹೆಚ್ಚು ದನ ಕಟ್ಟಿದ ಮೈದಾನದಲ್ಲಿ ಎಷ್ಟು ಗರಿಕೆ ಉಳಿದೀತು?

ಮರುದಿನ ಮಧ್ಯಾಹ್ನ ಹುಲ್ಲು ಬಂತು! ಹಸಿರು ಹಸಿರು ಆನೆಹುಲ್ಲು, ಲಾರಿ ತುಂಬ. ಬಂದು ನಿಂತದ್ದು ಬಾನ್ಯುಸಾರಿಯ ಸಭಾಭವನದ ಅಂಗಳದಲ್ಲಿ, ಅನ್ನದ ಪೊಟ್ಟಣ ಹಂಚುವ ಮೇಜಿನ ಪಕ್ಕ. ದಾನಿ ಸಂಸ್ಥೆಯವರ ಪಟ್ಟಿ ಮಾಲೀಕರ ಹೆಸರಿನದು. ಮಾಲೀಕರು ಬಾನ್ಯುಸಾರಿಯಲ್ಲಿದ್ದಾರೆ, ಹಾಗಾಗಿ ಹುಲ್ಲು ಬಾನ್ಯುಸಾರಿಗೆ. ಪಶು ಕಚೇರಿಯ ಪಟ್ಟಿ ಕಿವಿಯ ಬಿಲ್ಲೆಯ ಸಂಖ್ಯೆಯದು. ಬಿಲ್ಲೆಗಳು ಸಂತೆ ಮೈದಾನದಲ್ಲಿವೆ, ಹಾಗಾಗಿ ದನ ಅಲ್ಲಿಗೆ. ಇಬ್ಬರದೂ ತಪ್ಪಿಲ್ಲ. ನನಗೆ ರೇಗುವುದು ಇಲ್ಲೇ. ಒಬ್ಬನಾದರೂ ಕಳ್ಳನಾಗಿದ್ದರೆ, ಸೋಮಾರಿಯಾಗಿದ್ದರೆ, ಕೊರಳಪಟ್ಟಿ ಹಿಡಿದು ಬರೆಯಬಹುದಿತ್ತು. ಎಲ್ಲರೂ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದರು, ಫಲಕ ಹಿಡಿದು ಫೋಟೊ ತೆಗೆಸಿಕೊಂಡಿದ್ದರು. ಹುಲ್ಲಿನ ರಾಶಿಯ ಮುಂದೆ ಸಾಲಾಗಿ ನಿಂತ ಆ ಫೋಟೊದಲ್ಲಿ ಒಂದು ದನವೂ ಇಲ್ಲ ಎಂಬುದು ತೆಗೆದವನಿಗೂ ಹೊಳೆದಿರಲಿಲ್ಲ.

ಸಾರ್ಜಿಯಾ ಬಾಗಸ್‌ನ ಮುಂದೆ ನಿಂತಳು.

"ಮಗಾ, ಇದನ್ನ ನಾವು ತಿನ್ನಬೇಕಾ?"

ಬಾಗಸ್‌ನ ಕಣ್ಣು ಕೆಂಪಾಗಿತ್ತು, ನಿದ್ದೆಗೆಟ್ಟು. "ಇಲ್ಲ ಬು. ಮೈದಾನಕ್ಕೆ ಕಳಿಸ್ತೀವಿ. ಗಾಡಿ ಕೇಳಿದೀನಿ."

"ಬಂದ ಲಾರಿ ಅಲ್ಲೇ ನಿಂತಿದ್ಯಲ್ಲ?"

"ಅದರ ಬಾಡಿಗೆ ಇಲ್ಲೀತನಕ ಮಾತ್ರ."

"ದನ ತಂದ ಲಾರಿ?"

"ಅದು ದನ ಹೊರೋಕೆ ಬು. ಮೇವು ಹೊರೋಕೆ ಪತ್ರ ಬೇಕು."

"ನಮ್ಮನ್ನ ತಂದದ್ದು?"

ಅವನು ಫೋನು ನೋಡಿದ. ಮತ್ತೆ ಹೇಳಿದ: "ಹುಲ್ಲು ಮುಟ್ಟಿತು ಅಂತ ದನ ಸಾಕೋರ ಗುಂಪಿನ ಮುಖ್ಯಸ್ಥರು ರುಜು ಹಾಕ್ಬೇಕು. ಅವರು ದನದ ಜೊತೆ ಮೈದಾನದಲ್ಲಿದಾರೆ. ಅವರಿಗೆ ಇಲ್ಲಿಗೆ ಬರೋಕೆ ಪುರುಸೊತ್ತಿಲ್ಲ, ದನಕ್ಕೆ ಹುಲ್ಲಿಲ್ಲ ಅಂತ ಅಲ್ಲಿ ಗಲಾಟೆಯಂತೆ."

ಸಾರ್ಜಿಯಾ ಅವನ ಮುಖವನ್ನೇ ನೋಡಿದಳು. ಹೂಂ ಎಂದಳು. ಅಭ್ಯಾಸ ಬಲವಾದದ್ದು.

ಆ ಸಂಜೆ ಇನ್ನೊಂದು ಸಂಗತಿ ನಡೆಯಿತು. ದನದ ಗಲಾಟೆ ದೊಡ್ಡದಾಯಿತೆಂದು, ಬೆಟ್ಟಕ್ಕೆ ಹೋಗುವ ರಸ್ತೆಯ ಅಡ್ಡಗಂಬ ಕಾಯುವ ಕಚೇರಿಯವರು ಕರುಣೆ ತೋರಿದರು. ಬೆಳಿಗ್ಗೆ ಆರರಿಂದ ಎಂಟರವರೆಗೆ ಮೇಲಕ್ಕೆ ಹೋಗಿ ಹುಲ್ಲು ಕೊಯ್ದು ತರಲು ಹಳದಿ ಚೀಟಿ. ಮೊಹರು ಸಮೇತ. ಓದುಗರು ಇನ್ನೊಮ್ಮೆ ಓದಿಕೊಳ್ಳಬೇಕು, ನಾನೂ ನಾಲ್ಕು ಸಲ ಓದಿದೆ. ಒಂದು ಕಚೇರಿ ಜನರನ್ನು ಬೆಟ್ಟದಿಂದ ಇಳಿಸಿತು. ಇನ್ನೊಂದು ಅದೇ ಜನರಿಗೆ ಬೆಟ್ಟ ಹತ್ತಲು ಚೀಟಿ ಕೊಟ್ಟಿತು. ಮೂರನೆಯದರ ಹುಲ್ಲು ಅಂಗಳದಲ್ಲಿ ಬಿಸಿಯೇರಿ ಹುಳಿಯಾಗುತ್ತಿತ್ತು. ಈ ಮೂವರೂ ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕೂರುವವರು!

ಗಿಮಾನ್ ಚೀಟಿ ಹಂಚಿದ. ಪೋನಿರಾನ್‌ಗೂ ಒಂದು ಸಿಕ್ಕಿತು. ಸಾರ್ಜಿಯಾ ಬಾವಿಕಟ್ಟೆಯಿಂದ ಬರುವಾಗ ಅವನು ಕಲ್ಲಿನ ಮೇಲೆ ಕುಡುಗೋಲು ಮಸೆಯುತ್ತ ಕೂತಿದ್ದ.

"ಏನಿದು?"

"ಕುಡುಗೋಲು ಯು. ಹಿಂದೆ ನೋಡಿಲ್ವಾ?"

"ನಗಿಸಬೇಡ ನನ್ನ. ಹೋಗ್ತೀಯಾ?"

"ಸರ್ಕಾರಿ ಮೊಹರು ಇದೆ ನೋಡು. ಕದ್ದು ಹೋಗ್ತಿಲ್ಲ ನಾನು. ನನ್ನ ಹೋರಿಗಳೂ ಉಪವಾಸ, ನಿನ್ನ ಗೆಂಡುಕ್ಕೂ ಉಪವಾಸ. ಅವಳಿಗೂ ಸೇರಿಸಿ ತರ್ತೀನಿ."

"ನಿಮ್ಮಣ್ಣನೂ ಒಂದೇ ಹೊರೆ ಅಂದಿದ್ದ."

"ನಮ್ಮಣ್ಣಂಗೆ ಚೀಟಿ ಇರಲಿಲ್ಲ," ಎಂದ ಪೋನಿರಾನ್. ತಮಾಷೆಗೆಂದೇ ಹೇಳಲು ಹೋದದ್ದು, ಹೇಳಿದ ಮೇಲೆ ತಲೆ ತಗ್ಗಿಸಿ ಮಸೆಯುತ್ತಲೇ ಇದ್ದ.

ಅವಳಿಗೆ ತಲೆ ಕೆಟ್ಟುಹೋಯಿತು. ಮೊಹರು ಹಾಕಿದವರು ಓದಿದವರು. ಅವರಿಗೆ ಬೆಟ್ಟದ ಒಳಗಿನ ಸದ್ದು ಕೇಳುವ ಯಂತ್ರವಿದೆ. ಹೋಗಬಹುದು ಎಂದಿದ್ದಾರೆ ಅಂದರೆ ಹೋಗಬಹುದೇನೋ. ಇಳಿಯಿರಿ ಎಂದವರೂ ಅವರೇ ಅಲ್ಲವೆ? ಯಾರ ಮಾತು ನಂಬಬೇಕು? ಹೋಗಬೇಡ ಎಂದರೆ ಗೆಂಡುಕ್ ಸಾಯುತ್ತದೆ. ಹೋಗು ಎಂದರೆ... ಆ ಮಾತನ್ನು ಅವಳು ನನಗೆ ಪೂರ್ತಿ ಹೇಳಲಿಲ್ಲ.

ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಎದ್ದಾಗ ಪೋನಿರಾನ್‌ನ ಬೈಕು ಇರಲಿಲ್ಲ. ಐದೂಕಾಲು. ಅವಳು ವಾರ್ತಿನೆಮ್‌ಳನ್ನು ಕೂಗಿದಳು, "ಸ್ಕೂಟರ್ ತೆಗಿ." ತಾನು ಸಭಾಭವನದ ಅಂಗಳಕ್ಕೆ ಓಡಿದಳು. ಹುಲ್ಲಿನ ರಾಶಿಗೆ ಕೈಹಾಕಿದರೆ ಒಳಗೆಲ್ಲ ಬಿಸಿ, ಹುಳಿ ವಾಸನೆ. ಮೇಲಿನ ಪದರ ಇನ್ನೂ ಚೆನ್ನಾಗಿತ್ತು. ಬೆನ್ನಿನ ಬಟ್ಟೆ ಹಾಸಿ ಹೊರೆ ಕಟ್ಟತೊಡಗಿದಳು.

ಬಾಗಸ್ ಹಲ್ಲುಜ್ಜುತ್ತಿದ್ದವನು ಹಾಗೇ ಓಡಿ ಬಂದ. "ಬು, ಬು, ರುಜು ಆಗಿಲ್ಲ!"

"ಎಲ್ಲಿ ಹಾಕ್ಬೇಕು, ತೋರ್ಸು. ಮೂರು ಸಂಸ್ಥೆದೂ ತಾ. ಎಲ್ಲಾದಕ್ಕೂ ಹಾಕ್ತೀನಿ."

"ಅದು ನೀವು ಹಾಕಂಗಿಲ್ಲ..."

"ಮುಖ್ಯಸ್ಥರು ಬರಲ್ಲ. ಮತ್ತೆ ಯಾರು ಹಾಕ್ಬೇಕು?"

ಬಾಗಸ್ ಬಾಯಲ್ಲಿ ನೊರೆ ತುಂಬಿಕೊಂಡು ನಿಂತ. ಉಗುಳಿದ. ಆಮೇಲೆ ಅವನು ಹೇಳಿದ್ದನ್ನು ನಾನು ಅವನ ಬಾಯಿಂದಲೇ ಕೇಳಿ ಬರೆಯುತ್ತಿದ್ದೇನೆ. "ಗೊತ್ತಿಲ್ಲ ಬು. ನಿಜವಾಗ್ಲೂ ಗೊತ್ತಿಲ್ಲ. ನಿನ್ನೆ ಮಧ್ಯಾಹ್ನದಿಂದ ಏಳು ಗುಂಪಲ್ಲಿ ಕೇಳ್ತಿದೀನಿ. ಎಲ್ರೂ 'ಸರಿ' ಅಂತಿದಾರೆ."

ಹೊರೆಯನ್ನು ಎತ್ತಿ ಅವಳ ಬೆನ್ನಿಗೆ ಏರಿಸಿದವನು ಅವನೇ.

ಅಡ್ಡಗಂಬದ ಹತ್ತಿರ ಹತ್ತು ಹನ್ನೆರಡು ಬೈಕುಗಳು ಸಾಲಾಗಿ ನಿಂತಿದ್ದವು. ಎಲ್ಲರ ಸೊಂಟದಲ್ಲೂ ಕುಡುಗೋಲು, ಕೈಯಲ್ಲಿ ಹಳದಿ ಚೀಟಿ. ಕಾವಲಿನವನು ಗಡಿಯಾರ ನೋಡುತ್ತಿದ್ದ, ಆರಕ್ಕೆ ಇನ್ನೂ ನಾಲ್ಕು ನಿಮಿಷ. ಮೇಲೆ ಬೆಟ್ಟದ ತಲೆ ಕಾಣುತ್ತಿರಲಿಲ್ಲ, ಬೂದಿಯ ಬಣ್ಣದ ಮೋಡ. ವಾರ್ತಿನೆಮ್‌ಳ ಸ್ಕೂಟರಿನಿಂದ ಸಾರ್ಜಿಯಾ ಇಳಿದಳು. ಇಳಿದಳು ಎನ್ನುವುದಕ್ಕಿಂತ ಹೊರೆಯ ಸಮೇತ ಜಾರಿದಳು. ಪೋನಿರಾನ್‌ನ ಬೈಕಿನ ಮುಂದಿನ ಚಕ್ರದ ಮೇಲೆ ಹೊರೆಯನ್ನು ಎತ್ತಿ ಹಾಕಿದಳು.

"ಹುಲ್ಲು ಬಂತು. ಇಳಿ."

"ಯು, ಎಲ್ಲರ ಮುಂದೆ..."

"ಎಲ್ಲರ ಮುಂದೇನೇ ಇಳಿ. ನಿಮ್ಮಣ್ಣ ಇಳಿದು ಹತ್ತಿದ. ನೀನು ಹತ್ತದೇ ಇಳಿ."

ಸಾಲಿನಲ್ಲಿ ಯಾರೋ ನಕ್ಕರು. "ಪೋನಿರಾನ್, ನಿನ್ನ ಮೇಲಧಿಕಾರಿ ಬಂದ್ರಪ್ಪ."

ಪೋನಿರಾನ್ ಹೊರೆ ಮುಟ್ಟಿ ನೋಡಿದ. "ಇದು ಇವತ್ತಿಗಾಯ್ತು. ಅದೂ ಒಂದು ದನಕ್ಕೆ. ನಾಳೆ?"

"ಅಲ್ಲಿ ಲಾರಿ ತುಂಬ ಇದೆ, ಅರ್ಧ ಕೊಳೆತಿದೆ. ಕೊಳೆಯೋ ಮುಂಚೆ ಹೊರೋಕೆ ನಿಮ್ಮ ಬೈಕೆಲ್ಲ ಇಲ್ಲಿ ಸಾಲು ನಿಂತಿವೆ. ಯಾವ ಕಡೆ ಮುಖ ಮಾಡಿ ನಿಂತಿದೀರ ನೋಡ್ಕೊಳಿ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಗಂಬ ಎತ್ತುವ ಹೊತ್ತಾಯಿತು. ಪೋನಿರಾನ್ ಬೈಕು ತಿರುಗಿಸಿದ. ಅವನ ಹಿಂದೆ ಏಳು ಜನ ತಿರುಗಿದರು. ನಾಲ್ವರು, ಚೀಟಿ ಇದೆಯಲ್ಲ ಎಂದು ಮೇಲಕ್ಕೆ ಹೋದರು. ಆರೂ ಮುಕ್ಕಾಲಿಗೆ ಬೆಟ್ಟ ಒಂದು ಸಲ ಕೆಮ್ಮಿತು. ಬಿಸಿ ಮೋಡ ಪಕ್ಕದ ಕಣಿವೆಯಲ್ಲಿ ಎರಡು ಕಿಲೋಮೀಟರು ಉರುಳಿ ನಿಂತಿತು. ಆ ನಾಲ್ವರೂ ಹುಲ್ಲು, ಕುಡುಗೋಲು, ಒಬ್ಬನಂತೂ ಚಪ್ಪಲಿಯನ್ನೂ ಬಿಟ್ಟು ಇಳಿದು ಬಂದರು. ಬದುಕಿದರು. ಬೆಟ್ಟ ಈ ಕಣಿವೆ ಬಿಟ್ಟು ಆ ಕಣಿವೆ ಯಾಕೆ ಹಿಡಿಯಿತು, ಯಾರಿಗೂ ಗೊತ್ತಿಲ್ಲ. ಚೀಟಿ ಕೊಟ್ಟವರಿಗಂತೂ ಗೊತ್ತಿರಲಿಲ್ಲ.

ಎಂಟು ಬೈಕು, ಮರಳು ಹೊರುವ ಒಂದು ಮೂರು ಚಕ್ರದ ಗಾಡಿ, ಬಾನ್ಯುಸಾರಿಯ ಹೆಂಗಸರ ಬೆನ್ನು, ಇಷ್ಟರಲ್ಲಿ ಆ ದಿನದ ಹುಲ್ಲು ಮೈದಾನ ಸೇರಿತು. ಕಡಿಮೆ ಬಿದ್ದದ್ದಕ್ಕೆ ವಾರ್ತಿನೆಮ್ ಮತ್ತು ನೆರೆಹೊರೆಯವರು ಜೋಳದ ದಂಟು, ಗದ್ದೆಯ ಬದುವಿನ ಹುಲ್ಲು ಕೊಯ್ದು ಕೊಟ್ಟರು. ಹತ್ತೊಂಬತ್ತು ದಿನ ಹಾಗೆಯೇ ನಡೆಯಿತು. ಯಾವ ನಕ್ಷೆಯ ಯಾವ ಪೆಟ್ಟಿಗೆಯಲ್ಲೂ ಇದು ಇರಲಿಲ್ಲ. ಹನ್ನೊಂದನೇ ದಿನ ಗೆಂಡುಕ್ ಮೈದಾನದಲ್ಲೇ ಕರು ಹಾಕಿತು, ಹೆಣ್ಣು. ಪಶು ಕಚೇರಿಯವರು ಬಂದು ಮೊದಲು ಮಾಡಿದ ಕೆಲಸ ಅದರ ಕಿವಿಗೆ ಬಿಲ್ಲೆ ಚುಚ್ಚಿದ್ದು. ಪೋನಿರಾನ್, "ಇವಳಿಗೆ ಲಾರಿ ಹತ್ತೋ ಅರ್ಹತೆ ಬಂತು, ಯು. ನಿಂಗೇ ಇನ್ನೂ ಇಲ್ಲ" ಎಂದ.

ಬೆಟ್ಟ ಸುಮ್ಮನಾದ ಮೇಲೆ ಹತ್ತನೇ ಸಭೆ. ಈ ಸಲ ಬಾನ್ಯುಸಾರಿಯ ಸಭಾಭವನದಲ್ಲಿ, ಕುರ್ಚಿ ಹಾಕಿ. ಗೋಡೆಯ ಮೇಲೆ ಬೆಳಕಿನ ಚಿತ್ರಗಳು. ಸ್ಥಳಾಂತರಗೊಂಡವರು ಇನ್ನೂರ ಹದಿನಾಲ್ಕು. ದನ ನೂರರವತ್ತೆಂಟು. ಒದಗಿಸಿದ ಹುಲ್ಲು ಒಂಬತ್ತು ಟನ್ನು. ಸಾವು ಸೊನ್ನೆ. ಸೊನ್ನೆಯನ್ನು ದೊಡ್ಡದಾಗಿ, ಹಸಿರು ಬಣ್ಣದಲ್ಲಿ ಹಾಕಿದ್ದರು. ಹುಲ್ಲಿನ ರಾಶಿಯ ಮುಂದಿನ ಫೋಟೊವೂ ಬಂತು. ಹಳದಿ ಚೀಟಿಯ ಮಾತೇ ಬರಲಿಲ್ಲ. ವಿಪತ್ತಿನ ಕಚೇರಿಯ ದೊಡ್ಡವರೊಬ್ಬರು ಎದ್ದು, ಸಂಸ್ಥೆಗಳು ಒಟ್ಟಾಗಿ ಕೆಲಸ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ ಇದು ಮಾದರಿ ಎಂದರು. "ಎಲ್ಲರಿಗೂ ಅರ್ಥವಾಯ್ತಲ್ವಾ?" ಎಂದು ಕೇಳಿದರು.

ಭವನದಲ್ಲಿ ಹೂಂ ಎಂಬ ಗುಂಜಾರವ ಎದ್ದಿತು. ನನ್ನ ಬಾಯಿಂದಲೂ ಬರುವುದರಲ್ಲಿತ್ತು.

"ನಂಗೆ ಅರ್ಥ ಆಗ್ಲಿಲ್ಲ."

ಸಾರ್ಜಿಯಾ ಎದ್ದು ನಿಂತಿದ್ದಳು. ಬಲಗೈ ಬಾಯಿಯ ಹತ್ತಿರ ಹೋಗಿ ಕೆಳಗಿಳಿಯಿತು. "ತಪ್ಪು ತಿಳ್ಕೋಬೇಡಿ. ಒಂಬತ್ತು ಸಭೇಲಿ ಹೂಂ ಅಂದೆ. ಒಂಬತ್ತರಲ್ಲೂ ಅರ್ಥ ಆಗಿರಲಿಲ್ಲ. ಇಳೀರಿ ಅಂದ್ರಿ, ಇಳಿದ್ವಿ. ಹತ್ತಿ ಅಂತ ಚೀಟಿ ಕೊಟ್ರಿ. ಹುಲ್ಲು ನಮ್ಮ ಊಟದ ಪಕ್ಕ ಇಟ್ರಿ. ಇದು ಯಾಕೆ ಹಾಗಾಯ್ತು ಅಂತ ಯಾರಾದ್ರೂ ಹೇಳಿ. ನಾನು ಓದಿಲ್ಲ, ಮೆಲ್ಲಗೆ ಹೇಳಿ."

ಗಿಮಾನ್ ಗಂಟಲು ಸರಿಮಾಡಿಕೊಂಡ. ಅವಳು ಕೂರಲಿಲ್ಲ. ಹಿಂದಿನಿಂದ ಪೋನಿರಾನ್, "ನಂಗೂ ಆಗಿಲ್ಲ" ಎಂದ. ವಾರ್ತಿನೆಮ್, "ನಂಗೂ." ಗೋಡೆಯ ಪಕ್ಕ ಕೋಲು ಹಿಡಿದು ನಿಂತಿದ್ದ ಬಾಗಸ್, ದೊಡ್ಡವರ ಮುಖ ನೋಡಿ, ಆಮೇಲೆ ನೆಲ ನೋಡಿ, "ನನಗೂ ಆಗಿಲ್ಲ ಸರ್" ಎಂದ.

ಅವತ್ತು ಚಹಾವನ್ನು ಎರಡನೇ ಸಲ ಕುದಿಸಬೇಕಾಯಿತು. ನಕ್ಷೆಯನ್ನು ಇಳಿಸಿ ನೆಲದ ಮೇಲೆ ಹಾಸಿದರು. ಕಚೇರಿಯವರು ಬೂಟು ಕಳಚಿ ಸುತ್ತ ಕೂತರು. ಹಳದಿ ಚೀಟಿ ಯಾರು ಕೊಟ್ಟದ್ದು, ಯಾರನ್ನು ಕೇಳಿ ಕೊಟ್ಟದ್ದು ಎಂಬಲ್ಲಿ ಸ್ವಲ್ಪ ಕಾವೇರಿತು. ಇನ್ನು ಮುಂದೆ ಚೀಟಿಯಿಲ್ಲ ಎಂದು ಬರೆದರು. ದನದ ಪಟ್ಟಿ, ಹುಲ್ಲಿನ ಪಟ್ಟಿ ಒಂದೇ ಆಗಬೇಕು ಎಂದು ಬರೆದರು. ಕೊನೆಗೆ ಏಳನೇ ಪೆಟ್ಟಿಗೆಯಿಂದ ಎಂಟನೇ ಪೆಟ್ಟಿಗೆಗೆ ಹೋಗುವ ಬಾಣದ ಹತ್ತಿರ ಬಂದರು. ಹುಲ್ಲು ಇಲ್ಲಿದೆ, ದನ ಅಲ್ಲಿದೆ. ನಡುವೆ ಬಾಣ. ಬಾಣದ ಮೇಲೆ ಯಾರ ಹೆಸರೂ ಇರಲಿಲ್ಲ. ಹತ್ತು ವರ್ಷದಿಂದ ಇರಲಿಲ್ಲ.

ದೊಡ್ಡವರು ಪೆನ್ನು ತೆಗೆದರು. ನಗುತ್ತ, ಗೌರವ ಕೊಡುವವರ ಹಾಗೆ, ಬಾಣದ ಮೇಲೆ ಬರೆದರು: ಸಾರ್ಜಿಯಾ.

ಜನ ಚಪ್ಪಾಳೆ ತಟ್ಟಿದರು. ಸಾರ್ಜಿಯಾ ಬಗ್ಗಿ ತನ್ನ ಹೆಸರನ್ನು ನೋಡಿದಳು. ಇದು ಸನ್ಮಾನವೋ, ಇನ್ನೊಂದು ಹೊರೆಯೋ ಎಂದು ಅವಳಿಗೆ ತಿಳಿದಂತೆ ಕಾಣಲಿಲ್ಲ. ನನಗೂ ತಿಳಿಯಲಿಲ್ಲ. ಇಷ್ಟು ಸಂಸ್ಥೆ, ಇಷ್ಟು ಲಾರಿ, ಇಷ್ಟು ಮೊಹರು, ನಡುವಿನ ಕಂದಕ ಮುಚ್ಚಲು ಒಬ್ಬ ಹೆಂಗಸಿನ ವಾಲಿದ ಭುಜ!

ಅವಳು ನೆಟ್ಟಗಾದಳು.

"ಸರಿ, ನಾನು ತರ್ತೀನಿ," ಎಂದಳು. "ಗಾಡಿ ಯಾರು ಕೊಡ್ತೀರಿ?"

ಚಪ್ಪಾಳೆ ನಿಂತಿತು. ಪಶು ಕಚೇರಿಯವರು ದಾನಿ ಸಂಸ್ಥೆಯವರನ್ನು ನೋಡಿದರು. ದಾನಿ ಸಂಸ್ಥೆಯವರು ಬಾಗಸ್‌ನನ್ನು ನೋಡಿದರು. ಸಾರ್ಜಿಯಾ ಕೂರಲಿಲ್ಲ, ಹೂಂ ಎನ್ನಲಿಲ್ಲ. ನಕ್ಷೆಯ ಅಂಚನ್ನು ಕಾಲ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕಾಯುತ್ತ ನಿಂತಳು.